ಕೆಟಲ್ ಹಾಕಬೇಡಿ

ಬಾಗಿಲಿಗೆ ಅಂಟಿಸಿದ ಚೀಟಿ, ಬ್ಯಾಟರ್ಸ್‌ಬಿಯ ಓರೆ ಅಕ್ಷರ:
ಅಳತೆ ನಡೆದಿದೆ. ಕೆಟಲ್ ಹಾಕಬೇಡಿ.
ಹೊರಗೆ ಲೀಡ್ಸ್, ನವೆಂಬರ್, ನಾಲ್ಕಕ್ಕೇ ಕತ್ತಲು.
ಏರ್ ನದಿಯಿಂದೆದ್ದ ತೇವ
ಕಿಟಕಿ ಗಾಜಿಗೆ ಮೂಗೊತ್ತಿ ನಿಂತಿದೆ.
ಒಳಗೆ ಬಂತೋ, ಕೆಟ್ಟೆವು.

ಎಳ್ಳುಕಾಳಿಗಿಂತ ತುಸು ದೊಡ್ಡದು ಚಿಪ್.
ಅದರೊಳಕ್ಕೆ ಎರಡು ಬೆಳಕು ಬಿಡುತ್ತೇವೆ,
ಕೆಂಪಿನಾಚೆಯವು, ಕಣ್ಣಿಗೆ ಸಿಗದವು.
ಬಣ್ಣ ಒಂದೇ ಅನ್ನಬೇಕು,
ನಡುವೆ ಎಂಟೇ ನ್ಯಾನೋಮೀಟರಿನ ಅಂತರ.
ಆ ಎಂಟಕ್ಕೇ ಜಗಳ.
ಕೂಡುತ್ತವೆ, ಮುನಿಯುತ್ತವೆ, ಮತ್ತೆ ಕೂಡುತ್ತವೆ
ಸೆಕೆಂಡಿಗೆ ಲಕ್ಷ ಕೋಟಿ ಸಲ.
ಇಬ್ಬರ ಜಗಳದಲ್ಲಿ ಮೂರನೆಯವರಿಗೆ ಲಾಭವಂತೆ.
ನಮಗೆ ಬೇಕಾದ್ದು ಆ ಮೂರನೆಯದು:
ರೇಡಿಯೋ ನನ್ನದಲ್ಲ ಅನ್ನುವ,
ಬೆಳಕೂ ನನ್ನದಲ್ಲ ಅನ್ನುವ
ನಡುವಿನ ಕೂಸು, ಟೆರಾಹರ್ಟ್ಸ್.

ಹುಟ್ಟಿಸುವುದು ಅರ್ಧ ಕೆಲಸ.
ಹುಟ್ಟಿತೆಂದು ಯಾರು ಹೇಳಬೇಕು?
ಗೇಣು ದೂರದಲ್ಲಿ ಇನ್ನೊಂದು ಚಿಪ್.
ಅದಕ್ಕೂ ಅದೇ ಜೋಡಿಯಿಂದ ಸೀಳಿಕೊಟ್ಟ ಪಾಲು;
ಜಗಳ ಕಂಡವರಿಗಷ್ಟೇ ಕೂಸಿನ ದನಿ ಗುರುತು ಹತ್ತುತ್ತದೆ.

ಎಂಟು ದಿನ ಹತ್ತಲಿಲ್ಲ.
ಪರದೆ ತುಂಬ ಗರಿಕೆಯಂಥ ಗದ್ದಲ.
ಅವನು ಚಿನ್ನದೆಳೆ ಕಿತ್ತ, ಮತ್ತೆ ಬೆಸೆದ.
ನಾನು ತಿರುಪನ್ನು ಕಾಲು ಸುತ್ತು ಮುಂದೆ,
ಕಾಲು ಸುತ್ತು ಹಿಂದೆ.
ನಡುವೆ ಒಮ್ಮೆ, ಮಾತಿಲ್ಲದ ಮನುಷ್ಯ, ಅಂದ:
ನಮ್ಮಜ್ಜಿ ಗಿರಣಿಯಲ್ಲಿ ಉಣ್ಣೆಬಟ್ಟೆಯ ಗಂಟು ಹುಡುಕುತ್ತಿದ್ದಳು,
ಬರೀ ಬೆರಳ ತುದಿಯಲ್ಲಿ, ನಲವತ್ತು ವರ್ಷ.
ಮತ್ತೆ ಸೂಕ್ಷ್ಮದರ್ಶಕಕ್ಕೆ ಬಗ್ಗಿದ.

ಒಂಬತ್ತನೇ ಸಂಜೆ ಗರಿಕೆಯ ನಡುವೆ ದಿಣ್ಣೆ ಎದ್ದಿತು.
ಇಬ್ಬರೂ ಕೂಗಲಿಲ್ಲ.
ಕೇಬಲ್ ಕಿತ್ತು ನೋಡಿದೆವು, ಹೋಯಿತು.
ಸಿಕ್ಕಿಸಿದೆವು, ಬಂತು. ಮತ್ತೆ ಕಿತ್ತೆವು.

ಆಮೇಲೆ ಅವನು ಪೆಟ್ಟಿಗೆಯ ಮುಚ್ಚಳ ತೆರೆದು
ತನ್ನ ಕೋಟಿನ ತೋಳನ್ನು ಅಡ್ಡ ಹಿಡಿದ.
ದಿಣ್ಣೆ ನೆಲಸಮ.
ಬಸ್ ಸ್ಟಾಪಿನ ಜಿನುಗು ಇನ್ನೂ ಆರಿರಲಿಲ್ಲ ಉಣ್ಣೆಯಲ್ಲಿ.
ರೇಡಿಯೇಟರಿನ ಮೇಲೆ ಕೋಟು, ಮುಕ್ಕಾಲು ಗಂಟೆ.
ಕಾದೆವು, ಹೆರಿಗೆ ಕೋಣೆಯ ಹೊರಗಿನ ಗಂಡಸರ ಹಾಗೆ.
ಈ ಸಲ ಬಟ್ಟೆ ದಾಟಿ ಬಂತು,
ಕುಗ್ಗಿತ್ತು, ಆದರೆ ಅದೇ.

ನೋಡಲೆಂದು ಬಗ್ಗಿದೆ.
ಅರ್ಧ ಟೆರಾಹರ್ಟ್ಸ್ ದಾಟಿದ ಕೂಡಲೆ ಗೆರೆಯಲ್ಲೊಂದು ಗುಳಿ,
ಸರಿಯಾಗಿ ನೀರಾವಿ ನುಂಗುವ ಜಾಗದಲ್ಲಿ.
ಕೆಟಲ್ ಹಾಕಿದ್ದು ಯಾರು, ಅಂದ.
ಉಸಿರು ಹಿಡಿದೆ. ಗುಳಿ ತುಂಬತೊಡಗಿತು.
ಬಿಟ್ಟೆ. ಆಳವಾಯಿತು.

ಲಾಗ್‌ಬುಕ್ಕಿನಲ್ಲಿ ಬರೆದೆ:
ಸಂಜೆ ಏಳು ಹತ್ತು. ಗುಳಿ. ಕಾರಣ, ನಾನು.
ಅವನು ಕೆಳಗೆ ಸಹಿ ಹಾಕಿದ.
ಚೀಟಿ ಕೀಳದೆ, ಚಹಾಕ್ಕೆ ಕೆಳ ಮಹಡಿಗೆ ಹೋದೆವು.