ಓರೆ ಹಿಡಿದ ಟಾರ್ಚು

ಹಾಲೇಶಿ ಟಿವಿಯನ್ನು ಸಲೂನಿನ ಬಟ್ಟೆಯಲ್ಲೇ ಸುತ್ತಿ ತಂದ.
ಬಿಚ್ಚಿದಾಗ ಕೌಂಟರಿನ ಮೇಲೆ
ಯಾರದೋ ನರೆಗೂದಲು ನಾಲ್ಕು ಉದುರಿದವು.
"ಮಾತು ಬರ್ತದೆ ಅಕ್ಕಾ, ಮುಖ ಬರಲ್ಲ.
ಮೂರು ವಾರದಿಂದ ಜನ ಕಣ್ಣು ಮುಚ್ಚಿ
ಕ್ರಿಕೆಟ್ ಕೇಳ್ತಾ ಗಡ್ಡ ಮಾಡಿಸ್ಕೋತಿದಾರೆ."

ಪ್ಲಗ್ ಹಾಕಿದೆ. ಕರಿ ಗಾಜಿನೊಳಗಿಂದ ಒಬ್ಬಳು
ಮಜ್ಜಿಗೆ ಹುಳಿಗೆ ಕಾಯಿ ರುಬ್ಬುವ ಹದ ಹೇಳುತ್ತಿದ್ದಳು.
ಟ್ಯೂಬ್‌ಲೈಟ್ ಆರಿಸಿ, ಶಟರ್ ಅರ್ಧ ಇಳಿಸಿ
ಟಾರ್ಚನ್ನು ಗಾಜಿಗೆ ತಾಗಿಸಿ ಓರೆಯಾಗಿ ಹಿಡಿದೆ:
ಇದ್ದಳು.
ಬೂದಿ ಬಣ್ಣದ ಕೈ, ಬೂದಿ ಬಣ್ಣದ ಬಳೆ,
ಟಾರ್ಚಿನ ವೃತ್ತದಷ್ಟೇ ಅಗಲ ಅಡುಗೆಮನೆ.
ಸರಿಸಿದರೆ ಒಲೆ. ಇನ್ನಷ್ಟು ಸರಿಸಿದರೆ ಅವಳ ನಗು.

"ಅಯ್ಯೋ, ಒಳಗೇ ಇದಾಳಲ್ಲ!"

ಇದ್ದೇ ಇರುತ್ತಾರೆ. ಈ ಜಾತಿಯ ಟಿವಿಯಲ್ಲಿ
ಚಿತ್ರ ಬೇರೆ, ಬೆಳಕು ಬೇರೆ.
ಮುಂದಿನ ಗಾಜಿನಲ್ಲಿ ಲಕ್ಷಗಟ್ಟಲೆ ಕಿಟಕಿ,
ತೆರೆಯುವುದು ಮುಚ್ಚುವುದು ಅಷ್ಟೇ ಅವುಗಳ ಕೆಲಸ.
ಹಿಂದೆ, ಬಿಳಿ ಹಾಳೆಗಳ ಮರೆಯಲ್ಲಿ,
ಎಲ್‌ಇಡಿ ಪಟ್ಟಿ ಉರಿಯುತ್ತಲೇ ಇರಬೇಕು,
ಕತೆಯಲ್ಲಿ ನಡುರಾತ್ರಿಯಾದರೂ.
ಅದಕ್ಕೇ ಅದರ ಕಪ್ಪು ಕಪ್ಪಲ್ಲ,
ಕದ ಹಾಕಿದ ಕೋಣೆ; ಹೊಸ್ತಿಲ ಸಂದಿಯಲ್ಲಿ
ದೀಪ ಆರಿಸಿಲ್ಲವೆಂದು ಗೊತ್ತಾಗಿಬಿಡುವ ಕೋಣೆ.

ನನಗೆ ಕೆಲಸ ಕಲಿಸಿದ ಬಾಬಾಜಾನ್ ಸಾಹೇಬರಿಗೆ
ಇದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ.
ಅವರದು ಡಬ್ಬ ಟಿವಿ ಕಾಲ. ಹಿಂದಿನಿಂದ ಬಂದ ಬಾಣ
ಗಾಜಿನ ಒಳಮೈಯ ಪುಡಿಯನ್ನೇ ಹೊತ್ತಿಸುತ್ತಿತ್ತು,
ಹತ್ತಿರ ಹೋದರೆ ಮುಂಗೈ ರೋಮ ಏಳುತ್ತಿತ್ತು.
ಆರಿಸಿದ ಮೇಲೂ ನಡುವೆ ಒಂದು ಚುಕ್ಕೆ
ಹೋಗಲೋ ಬೇಡವೋ ಎಂದು ನಿಂತು...
"ಸಲಾಂ ಹೇಳಿ ಹೋಗ್ತಿತ್ತು" ಅನ್ನೋರು.

ಮೊನ್ನೆ ವಿನೋಬನಗರದ ಡಾಕ್ಟರ ಮನೆಯಲ್ಲಿ ಓಎಲ್‌ಇಡಿ,
ಹಪ್ಪಳದಷ್ಟು ತೆಳು. ಪ್ರತಿ ಚುಕ್ಕೆಗೂ ಅದರದೇ ದೀಪ;
ಕಪ್ಪು ಬೇಕಾದಲ್ಲಿ ಆರಿಯೇ ಬಿಡುತ್ತದೆ,
ಬಾವಿಗೆ ಇಣುಕಿದ ಹಾಗೆ.
ಆದರೆ ದಿನವಿಡೀ ಸುದ್ದಿ ನೋಡಿ ನೋಡಿ
ಮೂಲೆಯಲ್ಲಿ ಚಾನೆಲ್ಲಿನ ಗುರುತು ಹಚ್ಚೆಯಾಗಿ ಕೂತಿತ್ತು.
ತಾನೇ ಉರಿಯುವುದಕ್ಕೆ ಇದೊಂದು ಕಷ್ಟ.
ಏನೂ ಮಾಡಲಾಗಲಿಲ್ಲ, ಕಾಫಿ ಕುಡಿದು ಬಂದೆ.

ಹಾಲೇಶಿಯದು ಸಣ್ಣ ರೋಗ:
ಒಂದು ಮಣಿ ಸತ್ತರೆ ಇಡೀ ಸಾಲು ಕತ್ತಲು,
ಗಣಪತಿ ಪೆಂಡಾಲಿನ ಸೀರಿಯಲ್ ಸೆಟ್ಟಿನ ಹಾಗೆ.
ಗಾಜು ಎತ್ತಿ ಬೆಂಚಿನ ಮೇಲೆ ಮಲಗಿಸಿ
ಹೊಸ ಪಟ್ಟಿ ಅಂಟಿಸಿ ಕರೆಂಟ್ ಕೊಟ್ಟೆ.
ಅಂಗಡಿಯೆಲ್ಲ ಬೆಳ್ಳಗಾಯಿತು.
ಚಿತ್ರವಿಲ್ಲದ ಆ ಬರಿ ಬೆಳಕಲ್ಲಿ ಹಾಲೇಶಿ ನನ್ನನ್ನೇ ನೋಡಿ
"ಅಕ್ಕಾ, ಎಡಗಿವಿ ಹಿಂದೆ ಡೈ ಸರಿಯಾಗಿ ಹತ್ತಿಲ್ಲ" ಅಂದ.

"ಸ್ವಲ್ಪ ತಗ್ಗಿಸಿದೀನಿ, ಮಂಕು ಅನ್ನಿಸಬಹುದು,
ಬಾಳಿಕೆ ಬರುತ್ತೆ" ಅಂದೆ.
ಅವನ ಕಣ್ಣು ಮೂಲೆಯ ಇನ್ನೊಂದರ ಮೇಲಿತ್ತು.
ಯಾರದೋ ಮಗನ ಚೆಂಡಿಗೆ ಗಾಜು ಒಡೆದದ್ದು,
ಒಳಗಿನ ದೀಪಕ್ಕೇನೂ ಆಗಿರಲಿಲ್ಲ.
"ಚಿತ್ರ ಬೇಡ, ಅದರ ಬೆಳಕೊಂದೇ ಕೊಡ್ತೀರಾ?
ಕನ್ನಡಿ ಪಕ್ಕ ನಿಲ್ಲಿಸ್ತೀನಿ.
ಕತ್ತಿ ಹಿಡಿದಾಗ ನೆರಳು ಬೀಳಬಾರದು."

ಬೋರ್ಡಿನ ಬೆಲೆ ಗೊತ್ತು. ಪಟ್ಟಿಯದು ಗೊತ್ತು.
ಒಡೆದ ಗಾಜನ್ನು ಗುಜರಿಯವನೂ ಮುಟ್ಟುವುದಿಲ್ಲ.
ಬರಿ ಬೆಳಕಿಗೆ ಎಷ್ಟು ಹೇಳಲಿ?
ದುರ್ಗಿಗುಡಿಯಲ್ಲಿ ಇಪ್ಪತ್ತೆರಡು ವರ್ಷ ಕೂತವಳು
ಶಟರ್ ಮೇಲೆತ್ತಿ, ಬಿಸಿಲು ಒಳಗೆ ಬಿಟ್ಟುಕೊಂಡು
ಸುಮ್ಮನೆ ಬಿಲ್ಲಿನ ಪುಸ್ತಕ ತಿರುವಿದೆ.