ಹೂಳೆತ್ತುವ ದಿನ

ಯುಗಾದಿಗೆ ಇನ್ನೂ ಹದಿನೈದು ದಿನ ಇರುವಾಗ
ಹಿತ್ತಲ ಬಾವಿಯ ಹೂಳು ತೆಗೆಸುವುದು ನಮ್ಮಲ್ಲಿ ರೂಢಿ.
ಜಾವಗಲ್ಲಿನ ಕಡೆಯಿಂದ ಯಲ್ಲಭೋವಿ ಬರುತ್ತಾನೆ,
ಹೆಗಲಿಗೆ ಹಗ್ಗ, ತಲೆಯ ಮೇಲೆ ಬೋರಲು ಮಂಕರಿ,
ಹಿಂದೆ ಅವನ ಮಗಳು ಗಂಗೆ,
ಬಾಯಲ್ಲಿ ಹುಣಿಸೆಯ ಚಿಗುರು.

ಅವರು ಬರುವಷ್ಟರಲ್ಲಿ ನನ್ನ ಕೆಲಸ ಮುಗಿದಿರಬೇಕು.
ಅವರೆಯ ಒಣಬಳ್ಳಿಯನ್ನು ಚಪ್ಪರದಿಂದ ಎಳೆದದ್ದಾಯಿತು.
ಅರಿಶಿನ ಅಗೆಯುತ್ತಿದ್ದೆ, ಒಂದು ಗೆಡ್ಡೆ
ಕೈಯಲ್ಲೇ ಕಣ್ಣು ಬಿಟ್ಟಿತು. ಕಪ್ಪೆ!
ಮಳೆ ಬಂತೇ ಎಂದು ಕೇಳಿದ ಹಾಗಿತ್ತು ಮುಖ.
ಇಲ್ಲಮ್ಮ, ಮಲಗು ಎಂದು ಮತ್ತೆ ಮಣ್ಣು ಎಳೆದೆ.
ಆ ಸಾಲು ಹಾಗೇ ಉಳಿಯಿತು.

ಹೊಂಗೆಯಲ್ಲಿ ಚಿಟ್ಟುಕುಟಿಗ
ಬೆಳಗಿನಿಂದ ಒಂದೇ ಪಾತ್ರೆ ಬಡಿಯುತ್ತಿದೆ,
ಇನ್ನೂ ಅಂಚು ಮುಗಿದಿಲ್ಲ.
ನಿಂಬೆಯ ಎಲೆಯ ಮೇಲೆ ಹಿಕ್ಕೆಯ ವೇಷ ಹಾಕಿದ ಹುಳು.
'ಔಷಧಿ ಹೊಡಿಯೇ' ಎನ್ನುತ್ತಾಳೆ ಓರಗಿತ್ತಿ ಮರುಳಮ್ಮ,
ಬೇಲಿಯಾಚೆಯಿಂದ, ದಿನಕ್ಕೆ ಎರಡು ಸಲ.
ಎಲೆ ನನ್ನದು, ಹೊಟ್ಟೆ ಅದರದು, ನಿನ್ನದೇನು ನಡುವೆ?

ಹನ್ನೊಂದು ಗಂಟೆಗೆ ಬಾವಿಯೊಳಗಿಂದ ಕೂಗು ಬಂತು:
'ಅಕ್ಕಾ, ಮೇಷ್ಟ್ರು ಬಂದ್ರು!'
ಗಂಗೆ ಎಳೆದಳು, ನಾನು ಎಳೆದೆ, ರಾಟೆ ಕಿರುಗುಟ್ಟಿತು.
ಮಂಕರಿಯ ಕೆಸರಿನಲ್ಲಿ, ಕೆಸರಿಗಿಂತ ಕಪ್ಪಾಗಿ,
ನಮ್ಮ ಆಮೆ.
ನೀರು ಚೊಕ್ಕಟವಾಗಿರಲಿ ಎಂದು ನಮ್ಮ ಮಾವ
ಕೆರೆಯಿಂದ ತಂದು ಬಿಟ್ಟದ್ದು,
ಊರಿನ ರಸ್ತೆಗೆ ಮೊದಲ ಸಲ ಟಾರು ಬಿದ್ದ ವರ್ಷ.
ಕತ್ತು ಚಾಚಿ, ಎಲ್ಲರನ್ನೂ ಒಮ್ಮೆ ಎಣಿಸಿ,
ಯಾರೋ ಬಂದಿಲ್ಲವೆಂಬಂತೆ ಒಳಕ್ಕೆ ಎಳೆದುಕೊಳ್ಳುತ್ತದೆ.
ಅದಕ್ಕೇ ಆ ಹೆಸರು.

ಅದರ ಹಿಂದೆಯೇ ಬಂದವು
ಎರಡು ಚೆಂಡು, ಗರಟ, ಕೊಡದ ಕಂಠ,
ಹೋದ ವರ್ಷ ನಾನೇ ಬೀಳಿಸಿ
ಸೊಸೆಯ ಮೇಲೆ ಹೊರಿಸಿದ್ದ ಸ್ಟೀಲಿನ ಚೊಂಬು.
ಚೊಂಬನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.
ಮೇಷ್ಟ್ರನ್ನು ಹಳೆಯ ಬಾನಿಯಲ್ಲಿ ಬಿಟ್ಟೆವು.
ಪಾತಿಗೆ ಹೂಳು ಹರಡಿದ್ದೇ ತಡ, ಗೊರವಂಕಗಳು ಇಳಿದು
ಪಂಚಾಯ್ತಿ ಸದಸ್ಯರ ಹಾಗೆ ನಡೆದು ನೋಡಿದವು.

ಮುದ್ದೆ, ಹುರುಳಿ ಸಾರು. ಉಂಡು ಕೈ ತೊಳೆದು ಬಂದರೆ
ಬಾನಿ ಖಾಲಿ.

ಬಸಳೆಯ ಕೆಳಗಿಲ್ಲ, ಕರಿಬೇವಿನ ಬುಡದಲ್ಲಿಲ್ಲ,
ಸೌದೆಯ ಸಂದಿಗೆ ಕೋಲು ಹಾಕಿದರೆ ಹಾವುರಾಣಿ ಓಡಿತು.
ಗಂಗೆಯೇ ಕಂಡಳು. ಮಾತಾಡಲಿಲ್ಲ, ಬೆರಳು ತೋರಿದಳು.
ಬಚ್ಚಲ ನೀರು ಹೋಗುವ ಬಾಳೆಯ ಪಕ್ಕ,
ನಮಗೆ ಬೆನ್ನು ಕೊಟ್ಟು,
ಹಿಂಗಾಲಿನಿಂದ ಮಣ್ಣು ತೆಗೆಯುತ್ತಿದೆ.
ಒಂದು ಕಾಲು.
ತಡೆದು, ಇನ್ನೊಂದು ಕಾಲು.
ನೋಡದೆಯೇ, ಅಳತೆ ತಪ್ಪದೆ,
ಕತ್ತಲಲ್ಲಿ ಹಿಟ್ಟು ತೆಗೆಯುವ ಕೈಯ ಹಾಗೆ.

ಯಲ್ಲಭೋವಿ ತಟ್ಟನೆ ಆಚೆ ತಿರುಗಿ
ಹೆರಿಗೆಯ ಕೋಣೆಯ ಮುಂದೆ ಗಂಡಸರು ನಿಲ್ಲುವಂತೆ ನಿಂತು
ಇಲ್ಲದ ಬೀಡಿ ಹುಡುಕಿದ.
'ಇಷ್ಟು ವರ್ಷ ಮೇಷ್ಟ್ರು ಅಂದ್ವಲ್ಲಕ್ಕ...'
'ಟೀಚರಮ್ಮ' ಎಂದಳು ಗಂಗೆ.

ಸುತ್ತ ಕಲ್ಲು ಕಟ್ಟಿದ ಬಾವಿ ನಮ್ಮದು.
ಇಷ್ಟು ಬೇಸಿಗೆ ಆ ಕಾಲುಗಳು
ಏನನ್ನು ಕೆರೆದವು?

ಬೇಲಿಯ ಮೇಲೆ ಮರುಳಮ್ಮನ ತಲೆ:
'ಒಂಟಿ ಜೀವ, ಮೊಟ್ಟೆ ಎಲ್ಲಿಂದ ಬಂತು? ಕೆದಕಿ ನೋಡು.'
ನೋಡಲಿಲ್ಲ. ಗುಂಡಿ ಮುಚ್ಚಿ, ಎದೆಯಿಂದ ತಟ್ಟಿ,
ಅದು ತಾನಾಗಿಯೇ ಬಾನಿಯ ಕಡೆ ಹೊರಟಿತ್ತು.
ಕೆರೆಯಲ್ಲಿ ಈಗ ದನ ಮೇಯುತ್ತಿವೆ.
ನೀರು ಬಂದಾಗ ಹೇಳಿ, ನಾನೇ ಒಯ್ದು ಬಿಡುತ್ತೇನೆ
ಎಂದ ಯಲ್ಲಭೋವಿ, ಕೂಲಿ ಎಣಿಸುತ್ತಾ.
ಅಲ್ಲಿಯವರೆಗೆ ಮತ್ತೆ ಬಾವಿ.
ಇಳಿಸುವಾಗ ಹಗ್ಗ ಬಿಡಲು ನನ್ನ ಕೈ ಸ್ವಲ್ಪ ತಡ ಮಾಡಿತು.

ಬಾಳೆಯ ಪಕ್ಕಕ್ಕೆಂದು ನೆನೆಹಾಕಿದ್ದ ಕುಂಬಳದ ಬೀಜ
ಬಟ್ಟಲಲ್ಲಿ ಮೂತಿ ಒಡೆದಿದೆ, ಅದಕ್ಕೀಗ ಜಾಗವಿಲ್ಲ.
ಆ ಮೊಳದಗಲ ಮಣ್ಣಿನ ಸುತ್ತ ಜಾಲಿಮುಳ್ಳು ಒತ್ತಿದೆ.
ದೀಪ ಹಚ್ಚುವ ಹೊತ್ತಿಗೆ ಮುಂಗುಸಿ ಬಂತು,
ಮುಳ್ಳನ್ನು ನೋಡಿತು, ನನ್ನನ್ನು ನೋಡಿತು,
ಕೂತು ಮೀಸೆ ಒರೆಸಿಕೊಂಡಿತು.
ಅದಕ್ಕೂ ಅವಸರವಿಲ್ಲ.
ನಾನೂ ಮೆಟ್ಟಿಲ ಮೇಲೆ ಕೂತೆ.