ಹುರಮಂಜಿ

ಬುಧವಾರ ಸಂಜೆ ಏಳಕ್ಕೆ, ಹಲ್ ಊರಿನ ಮೆಥಡಿಸ್ಟ್ ಹಾಲಿನಲ್ಲಿ
ಹಿಲರಿ ನನ್ನ ಅಂಗೈಗೆ ಒಂದು ಕೆಂಪು ತುಂಡು ಹಾಕಿದಳು.
ಕಿರುಬೆರಳುದ್ದ, ಚೌಕ.
'ಸ್ಯಾಂಗ್ವಿನ್' ಅಂದಳು. 'ಲ್ಯಾಟಿನ್ನಿನ ಸ್ಯಾಂಗ್ವಿಸ್. ಅಂದರೆ ರಕ್ತ.'

ನಗು ಬಂತು.
ಬೆಳಗಿನಿಂದ ಮೂವತ್ತೊಂದು ಜನರ ರಕ್ತ ತೆಗೆದು ಬಂದವಳು ನಾನು,
ಆಸ್ಪತ್ರೆಯ ನೆಲಮಹಡಿ, ನಾಲ್ಕನೇ ಕುರ್ಚಿ.
ರಕ್ತದ ಬಣ್ಣ ಇದಲ್ಲ, ಹಿಲರಿ.
ಕೊಳವೆಯೊಳಗೆ ಅದು ನೇರಳೆಹಣ್ಣು ತಿಂದ ನಾಲಿಗೆ;
ಮುಚ್ಚಳ ಹಳದಿಯೋ ನೀಲಿಯೋ, ಒಳಗೆ ಎಲ್ಲರದೂ ಅದೇ ಕಪ್ಪು.
ಇದು ಮಣ್ಣು.
ಸಂಡೂರಿನ ವೇಬ್ರಿಜ್ಜಿನಲ್ಲಿ ಅದಿರು ಲಾರಿ ತೂಗುತ್ತಿದ್ದ ಅಪ್ಪನ
ಅಂಗಿಯ ಕಾಲರು ಇದು, ಎಷ್ಟು ಒಗೆದರೂ.

'ನಿಮ್ಮಲ್ಲಿ ಏನಂತಾರೆ?'
ಹುರಮಂಜಿ, ಅಂದೆ.
ಎಷ್ಟು ವರ್ಷವಾಗಿತ್ತೋ ಆ ಮಾತು ಬಾಯಿಗೆ ಬಂದು.
ಹೊಸ್ತಿಲಿಗೆ ಬಳಿಯುವುದು, ರಂಗೋಲಿಗೆ ಅಂಚು ಕಟ್ಟುವುದು.
ಅವಳು ಮುರಿದು ಮುರಿದು ಅಂದಳು: ಹುರ್. ಮನ್. ಜಿ.

ಆಗ ಮೇಜಿನ ಮೇಲೆ ಬರಿಮೈಯಲ್ಲಿ ಕೂತಿದ್ದ ಮುದುಕ,
ಅಲುಗಬಾರದೆಂಬ ಕರಾರಿನವನು,
ತುಟಿಯಷ್ಟೇ ಅಲುಗಿಸಿದ:
'ಹೋರ್ಮುಜ್.'
ಗಾರ್ಬಟ್. ಸರಕು ಹಡಗಿನಲ್ಲಿ ಇಪ್ಪತ್ತಾರು ವರ್ಷ.
'ಆ ದ್ವೀಪದಲ್ಲಿ ಕೆಂಪುಮಣ್ಣು ತುಂಬಿಸಿಕೊಂಡಿದ್ದೆವು.
ಮಳೆ ಬಿದ್ದರೆ ಕಡಲ ಅಂಚೇ ಕೆಂಪು.
ಮೂರು ತಿಂಗಳು ಉಗುರು ಬಿಟ್ಟು ಹೋಗಲಿಲ್ಲ.
ನಿನ್ನ ಮಾತು ಅಲ್ಲೇ ಹಡಗು ಹತ್ತಿರಬೇಕು.'
'ವಿಲ್ಫ್, ಗದ್ದ!' ಹಿಲರಿ ಗದರಿದಳು.

ನಿಜವೋ ಏನೋ.
ನಮ್ಮ ಹೊಸ್ತಿಲ ಮೇಲೆ ಯಾವ ಊರು ಒಣಗುತ್ತಿತ್ತೆಂದು
ದಾಟುವಾಗ ನಾವ್ಯಾರೂ ಕೇಳಿರಲಿಲ್ಲ.

ತೋಳಿನಿಂದ ಶುರುಮಾಡಿದೆ.
ಆ ತೋಳು ನನಗೆ ಗೊತ್ತು. ಎಡಗೈಯ ನರ ಜಾರುತ್ತದೆ,
ಬಲಗೈಯದು ಸಿಗಬೇಕಾದರೆ ಬೆಚ್ಚಗಾಗುವಷ್ಟು ಉಜ್ಜಬೇಕು.
ಇವತ್ತು ಹತ್ತೂಕಾಲಿಗೆ, ಎರಡನೇ ಸಲ ಚುಚ್ಚಿದಾಗ ಸಿಕ್ಕಿತ್ತು.
ಆಗ ಇಬ್ಬರೂ ಹೋರ್ಮುಜಿನ ಮಾತೆತ್ತಲಿಲ್ಲ;
ಬಸ್ಸು ತಡವಾದದ್ದಷ್ಟೆ.

ಹಿಲರಿ ಬೆನ್ನ ಹಿಂದೆ ನಿಂತಳು.
'ಇಂಗ್ಲಿಷಿನಲ್ಲಿ ಆ ಪದಕ್ಕೆ ಭರವಸೆಯುಳ್ಳವ ಅಂತಲೂ ಅರ್ಥವಿದೆ.'
ಗೊತ್ತು. ಡಾಕ್ಟರುಗಳ ಪತ್ರದಲ್ಲಿ ಓದಿದ್ದೇನೆ,
ಅಲ್ಲಿ ಅದರ ಹಿಂದೆ ಯಾವಾಗಲೂ ಒಂದು 'ನಾಟ್' ಇರುತ್ತದೆ.

ಭುಜ. ಮಾಸಿದ ಲಂಗರಿನ ಹಚ್ಚೆ. ಮಣಿಕಟ್ಟಿನ ಗಂಟು.
ಒತ್ತಿ ಗೀಚಿದೆ, ಹೆಬ್ಬೆರಳಿಂದ ತಿಕ್ಕಿದೆ,
ನನ್ನ ಉಗುರಿಗೂ ಹತ್ತಿತು.
ಮೊಣಕೈ ಮಡಿಕೆಯಲ್ಲಿ, ನಾನೇ ಅಂಟಿಸಿದ್ದ ಹತ್ತಿಯ ಚೌಕ,
ಕೀಳಲು ಮರೆತಿದ್ದಾನೆ.
ಉಳಿದ ಹನ್ನೊಂದು ಜನ ಅದನ್ನು ಬರೆಯಲಿಲ್ಲ.
ನಾನು ಅಷ್ಟು ಜಾಗ
ಕಾಗದವನ್ನೇ ಬಿಟ್ಟೆ.